ಮಕ್ಕಳು ಶಾಲೆಯಲ್ಲಿರುವಾಗ ಆಪತ್ತು ಬಂದರೆ? ಸಂಘ-ಸಂಸ್ಥೆಗಳು ಈಗಲೇ ಯೋಚಿಸಬೇಕಾದ ಮಾತು

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ಸಮವಸ್ತ್ರ ವಿತರಣೆ, ವಿದ್ಯಾರ್ಥಿ ವೇತನ ಪ್ರದಾನ ಕಾರ್ಯಕ್ರಮಗಳ ಸಾಲು ಸಾಲು. ದಾನಿಗಳು ಮುಂದೆ ಬರುತ್ತಾರೆ, ಮಹಿಳಾ ವಿಭಾಗದವರು ಮಕ್ಕಳ ಪಟ್ಟಿ ಸಿದ್ಧಪಡಿಸುತ್ತಾರೆ, ಯುವ ವಿಭಾಗದವರು ಪುಸ್ತಕದ ಕಟ್ಟು ಹೊರುತ್ತಾರೆ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಮಕ್ಕಳ ವಿದ್ಯೆಗಾಗಿ ತೋರಿದ ಕಾಳಜಿ ಸಣ್ಣದೇನಲ್ಲ. ಆದರೆ ಇಷ್ಟೆಲ್ಲ ಮಾಡುವ ನಾವು ಹೆಚ್ಚಾಗಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಮಕ್ಕಳು ಶಾಲೆಯೊಳಗಿರುವಾಗಲೇ ಬೆಂಕಿ, ನೆರೆ, ಭೂಕಂಪ ಅಥವಾ ನೂಕುನುಗ್ಗಲಿನಂತಹ ಆಪತ್ತು ಬಂದರೆ ಆ ಶಾಲೆಯಲ್ಲಿ ಯಾರು ಏನು ಮಾಡಬೇಕು? ಅದು ಮೊದಲೇ ತೀರ್ಮಾನವಾಗಿದೆಯೇ?

ಇದೇ ಜೂನ್ ನಡುವಿನಲ್ಲಿ ಮಹಾರಾಷ್ಟ್ರದ ಶಾಲೆಗಳೂ ಮಳೆಗಾಲವೂ ಹೆಚ್ಚು ಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಆದುದರಿಂದ ಈ ಪ್ರಶ್ನೆಗೆ ಇದಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ.

ಜುಲೈ 26ರ ಪಾಠ

2005ರ ಜುಲೈ 26ನ್ನು ಮುಂಬಯಿಗರು ಮರೆಯಲಾರರು. ಅಂದು ಬೆಳಿಗ್ಗೆ ಮಕ್ಕಳು ಎಂದಿನಂತೆ ಶಾಲೆಗೆ ಹೋಗಿದ್ದರು. ಮಧ್ಯಾಹ್ನದ ಬಳಿಕ ಉಪನಗರಗಳಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ ಸುರಿಯಿತು. ಮರುದಿನ ಬೆಳಿಗ್ಗೆಯವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ಅವಧಿಯಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್ ಮಾತ್ರ. ಫೋರ್ಟ್, ಚರ್ಚ್‌ಗೇಟ್ ಕಡೆಯ ಕಚೇರಿಗಳಲ್ಲಿ ಕುಳಿತ ತಂದೆ-ತಾಯಂದಿರಿಗೆ ಕುರ್ಲಾ, ಕಲೀನಾ, ಸಾಂತಾಕ್ರೂಜ್‌ಗಳಲ್ಲಿ ಏನಾಗುತ್ತಿದೆ ಎಂಬ ಅಂದಾಜು ಸಿಗುವ ಹೊತ್ತಿಗೆ ಲೋಕಲ್ ರೈಲುಗಳು ನಿಂತಿದ್ದವು, ಮಿಠಿ ನದಿ ಉಕ್ಕಿತ್ತು, ದೂರವಾಣಿ ಮತ್ತು ಮೊಬೈಲ್ ಸಂಪರ್ಕ ಹದಗೆಟ್ಟಿತ್ತು. ಸಾವಿರಾರು ಮಕ್ಕಳು ಶಾಲೆಗಳಲ್ಲಿ, ಶಾಲಾ ಬಸ್ಸುಗಳಲ್ಲಿ, ಗುರುತಿಲ್ಲದವರ ಮನೆಗಳಲ್ಲಿ ಸಿಕ್ಕಿಕೊಂಡರು. ಆ ಮಳೆಗೆ ಮಹಾರಾಷ್ಟ್ರದಲ್ಲಿ ಬಲಿಯಾದವರ ಸಂಖ್ಯೆ ಸಾವಿರವನ್ನು ಮೀರಿತು.

ಆ ದಿನ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ಮುಂದಿದ್ದ ಪ್ರಶ್ನೆ ಒಂದೇ: ಮಕ್ಕಳನ್ನು ಮನೆಗೆ ಬಿಡುವುದೇ, ಇಲ್ಲೇ ಇರಿಸಿಕೊಳ್ಳುವುದೇ? ನೀರು ಏರುತ್ತಿರುವಾಗ ಮಕ್ಕಳನ್ನು ಬೀದಿಗೆ ಕಳುಹಿಸಿದರೆ ತೆರೆದ ಮ್ಯಾನ್‌ಹೋಲ್, ಹರಿದು ಬಿದ್ದ ವಿದ್ಯುತ್ ತಂತಿ, ನೀರಿನ ಸೆಳೆತ ಎಲ್ಲವೂ ಕಾದಿರುತ್ತವೆ. ಗಟ್ಟಿಯಾದ ಕಟ್ಟಡದ ಮೇಲಿನ ಮಹಡಿಯಲ್ಲಿ ಇರಿಸಿಕೊಂಡರೆ ಮಕ್ಕಳು ಹಸಿಯಬಹುದು, ಅಳಬಹುದು, ಆದರೆ ಜೀವಕ್ಕೆ ಅಪಾಯ ಕಡಿಮೆ. ಹಾಗೆ ಇರಿಸಿಕೊಳ್ಳಬೇಕಾದರೆ ಶಾಲೆಯಲ್ಲಿ ಕುಡಿಯುವ ನೀರು, ಬಿಸ್ಕೆಟ್, ಅವಲಕ್ಕಿಯಂತಹ ಒಣ ತಿಂಡಿ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಕೆಳ ಮಹಡಿಗೆ ನೀರು ನುಗ್ಗುವ ಮೊದಲೇ ಮೇನ್ ಸ್ವಿಚ್ ಆರಿಸಬಲ್ಲವರು ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಪಾಲಕರಿಗೆ ಈ ನಿಯಮ ಮುಂಚೆಯೇ ತಿಳಿದಿರಬೇಕು. ಮಗು ಶಾಲೆಯಲ್ಲೇ ಇರುತ್ತದೆ ಎಂಬ ಭರವಸೆ ಇದ್ದರೆ ತಂದೆ ಎದೆಮಟ್ಟದ ನೀರಿನಲ್ಲಿ ಇಳಿಯುವ ಸಾಹಸ ಮಾಡಬೇಕಾಗಿಲ್ಲ.

ಕುಂಭಕೋಣಂ: ತಪ್ಪಿಸಬಹುದಾಗಿದ್ದ ದುರಂತ

ಮಳೆ ದೈವಾಧೀನ ಎನ್ನಬಹುದು. ಆದರೆ 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ನಡೆದುದಕ್ಕೆ ಹಾಗೆನ್ನುವಂತಿಲ್ಲ. ಮಧ್ಯಾಹ್ನದ ಊಟ ಬೇಯುತ್ತಿದ್ದ ಅಡುಗೆ ಮನೆಯ ಬೆಂಕಿ ಹುಲ್ಲಿನ ಮಾಡಿಗೆ ತಗಲಿ, ಅಲ್ಲಿಂದ ಮೇಲಂತಸ್ತಿನ ತರಗತಿಗಳ ಮಾಡಿಗೆ ಹಬ್ಬಿತು. ಒಂದೇ ಕಟ್ಟಡದಲ್ಲಿ ಮೂರು ಶಾಲೆಗಳು. ಇಕ್ಕಟ್ಟಾದ ಮೆಟ್ಟಿಲು, ಕಿಟಕಿಗಳಿಗೆ ಸಿಮೆಂಟಿನ ಜಾಲರಿ. ಉರಿಯುವ ಮಾಡು ಕುಸಿದು ಬಿದ್ದಾಗ 94 ಮಕ್ಕಳು ಪ್ರಾಣ ಕಳೆದುಕೊಂಡರು. ಅವರೆಲ್ಲ ಪ್ರಾಥಮಿಕ ತರಗತಿಯ ಪುಟ್ಟ ಮಕ್ಕಳು.

ಈ ದುರಂತದ ಬಳಿಕ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಏಪ್ರಿಲ್ 13ರಂದು ತೀರ್ಪು ಬಂತು. ಶಿಕ್ಷಣದ ಹಕ್ಕೆಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಪ್ರತಿಯೊಂದು ಶಾಲೆಯೂ, ಅದು ಸರಕಾರಿಯಾಗಿರಲಿ ಖಾಸಗಿಯಾಗಿರಲಿ, ಆರು ತಿಂಗಳೊಳಗೆ ಅಗ್ನಿಶಾಮಕ ಉಪಕರಣಗಳನ್ನು ಅಳವಡಿಸಬೇಕು, ಬೇಗನೆ ಹೊತ್ತಿಕೊಳ್ಳುವ ವಸ್ತುಗಳನ್ನು ಕಟ್ಟಡದಿಂದ ದೂರವಿಡಬೇಕು, ಕಟ್ಟಡದ ಗಟ್ಟಿತನವನ್ನು ಪರೀಕ್ಷಿಸಬೇಕು, ಶಿಕ್ಷಕರಿಗೂ ಸಿಬ್ಬಂದಿಗೂ ಆ ಉಪಕರಣ ಬಳಸುವ ತರಬೇತಿ ಕೊಡಬೇಕು ಎಂದು ನಿರ್ದೇಶಿಸಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಶಾಲಾ ಸುರಕ್ಷೆಯ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಪ್ರಕಟಿಸಿತು. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷಾ ಕಾಯಿದೆಯ ಪ್ರಕಾರ ಕಟ್ಟಡದ ಮಾಲಕರು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ಪರವಾನಿಗೆ ಪಡೆದ ಸಂಸ್ಥೆಯಿಂದ ಪಡೆದು ಸಲ್ಲಿಸಬೇಕು.

ಹೀಗೆ ಕಾನೂನಿಗೆ ಕೊರತೆಯಿಲ್ಲ. ಆದರೂ 2019ರ ಮೇ 24ರಂದು ಸೂರತ್ ನಗರದ ವಾಣಿಜ್ಯ ಕಟ್ಟಡದ ಮೇಲಂತಸ್ತಿನ ಕೋಚಿಂಗ್ ತರಗತಿಗೆ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಸತ್ತರು. ಇಳಿಯಲು ದಾರಿಯಿಲ್ಲದೆ ಕೆಲವರು ಕಿಟಕಿಯಿಂದ ಹಾರಿದರು. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಸರಕಾರಿ ಶಾಲೆಯೊಂದರ ಮಾಡು ಕುಸಿದು 7 ಮಕ್ಕಳು ಅಸುನೀಗಿದರು. ಮಾಡಿನಿಂದ ಕಲ್ಲು ಉದುರುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರೆಂಬ ವರದಿಗಳು ಬಂದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ನಾವು ಇನ್ನೆಷ್ಟು ಸಲ ನೆನೆಯಬೇಕು?

ಕಾಗದದ ಯೋಜನೆ ಸಾಲದು

ಯೋಜನೆಯಿದೆ ಎನ್ನುವ ಶಾಲೆಗಳೂ ಅದನ್ನು ಕಪಾಟಿನಲ್ಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಎರಡು ಊರುಗಳು ಸಾಕ್ಷಿ. 2011ರ ಮಾರ್ಚ್ 11ರ ಮಧ್ಯಾಹ್ನ ಅಲ್ಲಿ ಭಾರೀ ಭೂಕಂಪವಾಯಿತು. ಇಶಿನೋಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯ ಕಟ್ಟಡ ಕುಸಿಯಲಿಲ್ಲ. ಮಕ್ಕಳನ್ನು ಶಿಸ್ತಾಗಿ ಅಂಗಳಕ್ಕೆ ಕರೆತಂದರು. ಸುನಾಮಿ ಬರುವುದಕ್ಕೆ ಸುಮಾರು 50 ನಿಮಿಷ ಸಮಯವಿತ್ತು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೆ ಮುಂದೆ ಎಲ್ಲಿಗೆ ಹೋಗುವುದೆಂದು ತೀರ್ಮಾನವಾಗಲಿಲ್ಲ. ಶಾಲೆಯ ಕೈಪಿಡಿಯಲ್ಲಿ ಹತ್ತಿರದ ಖಾಲಿ ಜಾಗ ಅಥವಾ ಉದ್ಯಾನ ಎಂಬ ಅರ್ಥದ ಬರಹವಿತ್ತೇ ಹೊರತು ಅದು ಯಾವ ಜಾಗ ಎಂದು ಇರಲಿಲ್ಲ. ಶಾಲೆಯ 108 ಮಕ್ಕಳಲ್ಲಿ 74 ಮಂದಿ ಹಾಗೂ 10 ಶಿಕ್ಷಕರು ನೀರುಪಾಲಾದರು. ಪಾಲಕರು ನ್ಯಾಯಾಲಯಕ್ಕೆ ಹೋದರು. ಮುಂಚಿತವಾಗಿ ತಕ್ಕ ಸಿದ್ಧತೆ ಮಾಡದಿದ್ದುದೇ ಶಾಲೆಯ ಮತ್ತು ಆಡಳಿತದ ಲೋಪ ಎಂಬ ತೀರ್ಪು 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲೂ ಸ್ಥಿರವಾಯಿತು.

ಅದೇ ದಿನ ಕಾಮಾಯಿಶಿ ಎಂಬ ಊರಿನಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳು ಭೂಕಂಪ ನಿಂತೊಡನೆ ಎತ್ತರದ ಕಡೆಗೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳು ಮೂರನೇ ಮಹಡಿ ಏರಿದ್ದವರು ಇವರನ್ನು ಕಂಡು ಇಳಿದು ಹಿಂಬಾಲಿಸಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಮೊದಲು ತಲುಪಿದ ಜಾಗ ಸುರಕ್ಷಿತವಲ್ಲ ಎನಿಸಿದಾಗ ಇನ್ನೂ ಮೇಲಕ್ಕೆ ಹೋದರು. ಆ ಎರಡೂ ಶಾಲೆಗಳನ್ನು ನೀರು ಮುಳುಗಿಸಿತು, ಶಾಲೆಯಲ್ಲಿದ್ದ ಮಕ್ಕಳು ಬದುಕಿದರು. ಅವರ ಬಳಿ ವಿಶೇಷ ಉಪಕರಣಗಳೇನೂ ಇರಲಿಲ್ಲ. ವರ್ಷಗಟ್ಟಲೆ ಮಾಡಿದ ಅಭ್ಯಾಸವಿತ್ತು.

ನಮ್ಮ ಶಾಲೆಗಳ ವಿಶೇಷ ಕಷ್ಟಗಳು

ಈಗ ನಮ್ಮ ಅಂಗಳಕ್ಕೆ ಬರೋಣ. ಮುಂಬಯಿಯಲ್ಲಿ ಕನ್ನಡಿಗರ ಸಂಸ್ಥೆಗಳು ನಡೆಸುವ ಶಾಲೆಗಳಿವೆ, ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿವೆ, ಹೊಟೇಲು-ಕ್ಯಾಂಟೀನುಗಳಲ್ಲಿ ದುಡಿಯುತ್ತಾ ಓದಿದ ತಲೆಮಾರುಗಳನ್ನು ರೂಪಿಸಿದ ರಾತ್ರಿ ಶಾಲೆಗಳ ದೊಡ್ಡ ಪರಂಪರೆಯೂ ಇದೆ. ಇವುಗಳಿಗೆ ಇತರ ಶಾಲೆಗಳಿಗಿಲ್ಲದ ಕೆಲವು ಸಮಸ್ಯೆಗಳಿವೆ.

ಮೊದಲನೆಯದು ಕಟ್ಟಡ. ರಾತ್ರಿ ಶಾಲೆಗಳು ಹೆಚ್ಚಾಗಿ ಹಗಲಿನಲ್ಲಿ ಬೇರೆ ಶಾಲೆ ನಡೆಯುವ ಕಟ್ಟಡದಲ್ಲಿ ಸಂಜೆ ಸೇರುತ್ತವೆ. ಹಗಲು ಶಾಲೆಯವರು ಮಾಡಿದ ವ್ಯವಸ್ಥೆ ಸಂಜೆ ಬಂದವರಿಗೆ ತಿಳಿದಿರುತ್ತದೆಯೇ? ಎರಡನೇ ಗೇಟಿನ ಬೀಗದ ಕೈ ಯಾರ ಬಳಿ ಇದೆ? ಬೆಂಕಿ ಆರಿಸುವ ಸಿಲಿಂಡರ್ ಬೀಗ ಹಾಕಿದ ಕಚೇರಿಯೊಳಗೆ ಉಳಿದಿಲ್ಲ ತಾನೆ? ವಿದ್ಯುತ್ ಹೋದರೆ ಮೆಟ್ಟಿಲಲ್ಲಿ ಬೆಳಕಿದೆಯೇ? ಇವು ಒಂದು ಸಂಜೆಯ ಭೇಟಿಯಲ್ಲಿ ಕೇಳಿ ತಿಳಿಯಬಹುದಾದ ಸಂಗತಿಗಳು.

ಮೆಟ್ಟಿಲಿನ ಮಾತನ್ನು ಲಘುವಾಗಿ ಕಾಣಬಾರದು. 2009ರ ಸೆಪ್ಟೆಂಬರ್ 10ರಂದು ದಿಲ್ಲಿಯ ಖಜೂರಿ ಖಾಸ್ ಸರಕಾರಿ ಶಾಲೆಯಲ್ಲಿ ಬೆಂಕಿ ಇರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಮಳೆ ನೀರು ನಿಂತಿದ್ದ ಆವರಣದಲ್ಲಿ ವಿದ್ಯುತ್ ಹರಿದಿದೆ ಎಂಬ ವದಂತಿಯ ನಡುವೆ ಕಿರಿದಾದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಐವರು ಬಾಲಕಿಯರು ಸತ್ತರು. ಯಾವ ತರಗತಿ ಯಾವ ಮೆಟ್ಟಿಲಿನಿಂದ ಯಾವ ಸರದಿಯಲ್ಲಿ ಇಳಿಯಬೇಕು ಎಂಬ ಸಣ್ಣ ನಿಯಮ ಜೀವ ಉಳಿಸುತ್ತದೆ.

ಎರಡನೆಯದು ಪಾಲಕರ ಸಂಪರ್ಕ. ಇಂದು ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕೂಲಿಗಾಗಿ ಬಂದ ಕುಟುಂಬಗಳ ಮಕ್ಕಳೂ ಕಲಿಯುತ್ತಿದ್ದಾರೆ. ಕಟ್ಟಡದ ಕೆಲಸ ಮುಗಿದಂತೆ ತಂದೆ-ತಾಯಿ ಬೇರೆ ಕಡೆ ಹೋಗುತ್ತಾರೆ, ಮೊಬೈಲ್ ಸಂಖ್ಯೆ ಬದಲಾಗುತ್ತದೆ. ಶಾಲೆಯ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಆಪತ್ತಿನ ದಿನ ಆ ಮಗುವನ್ನು ಕೇಳಿಕೊಂಡು ಯಾರು ಬರಬೇಕು? ಬಂದವರ ಕೈಗೆ ಮಗುವನ್ನು ಒಪ್ಪಿಸುವುದು ಹೇಗೆ? ಗಲಿಬಿಲಿಯ ಹೊತ್ತಿನಲ್ಲಿ ಗುರುತಿಲ್ಲದವರ ಕೈಗೆ ಮಗುವನ್ನು ಕೊಡುವುದೂ ಒಂದು ಅಪಾಯವೇ.

ಮೂರನೆಯದು ಭಾಷೆ. ಸೂಚನಾ ಫಲಕ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಊರಿನಿಂದ ಈಗಷ್ಟೇ ಬಂದ ಎರಡನೇ ತರಗತಿಯ ಮಗುವಿಗೆ ಅದು ಓದಲು ಬರುವುದಿಲ್ಲ. ಮರಾಠಿಯ ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು ಮತ್ತು ಬಾಣದ ಗುರುತು ಬರೆಸುವುದಕ್ಕೆ ಆಗುವ ಖರ್ಚು ಒಂದು ಸನ್ಮಾನದ ಶಾಲಿಗಿಂತ ಹೆಚ್ಚಲ್ಲ.

ಸಂಘದ ಸಭಾಗೃಹವೂ ಶಾಲೆಯೇ

ಮಕ್ಕಳು ನಮ್ಮ ಹೊಣೆಯಲ್ಲಿರುವುದು ಶಾಲೆಯಲ್ಲಿ ಮಾತ್ರವಲ್ಲ. ವಾರ್ಷಿಕೋತ್ಸವ, ಛದ್ಮವೇಷ ಸ್ಪರ್ಧೆ, ಮಕ್ಕಳ ಯಕ್ಷಗಾನ, ರಾಜ್ಯೋತ್ಸವದ ಮೆರವಣಿಗೆ ಎಲ್ಲದಕ್ಕೂ ನಾವು ಮಕ್ಕಳನ್ನು ಸೇರಿಸುತ್ತೇವೆ. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ಮದುವೆ ಮಂಟಪದಲ್ಲಿ ನಡೆದಿತ್ತು. ಶಾಮಿಯಾನಕ್ಕೆ ಬೆಂಕಿ ಹತ್ತಿತು. ಸಿಂಥೆಟಿಕ್ ಬಟ್ಟೆ ಉರಿಯುತ್ತಾ ಜನರ ಮೇಲೆಯೇ ಬಿದ್ದಿತು. ಹೊರಹೋಗಲು ದಾರಿ ಸಾಲದೆ ಮಕ್ಕಳು, ತಾಯಂದಿರು ಸೇರಿ ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದಾಗಲೂ ಬಲಿಯಾದವರಲ್ಲಿ ಮಕ್ಕಳೇ ಹೆಚ್ಚು.

ಮೆರವಣಿಗೆಯ ವಿಷಯದಲ್ಲಿ ಗುಜರಾತಿನ ಅಂಜಾರ್ ನೆನಪಾಗಬೇಕು. 2001ರ ಜನವರಿ 26ರ ಬೆಳಿಗ್ಗೆ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ಸಾಗುತ್ತಿದ್ದ 185 ಮಕ್ಕಳು ಮತ್ತು 20 ಶಿಕ್ಷಕರ ಮೇಲೆ ಭೂಕಂಪಕ್ಕೆ ಎರಡೂ ಬದಿಯ ಕಟ್ಟಡಗಳು ಕುಸಿದವು. ಭೂಕಂಪದ ಹೊತ್ತು ಯಾರಿಗೂ ತಿಳಿಯದು. ಮೆರವಣಿಗೆಯ ದಾರಿಯನ್ನು ಮಾತ್ರ ನಾವೇ ಆರಿಸುತ್ತೇವೆ. ಅಗಲವಾದ ರಸ್ತೆ, ತೆರೆದ ಮೈದಾನ ಆರಿಸಿದರೆ ನಷ್ಟವೇನು?

ಸಭಾಗೃಹದಲ್ಲಿ ಕಾರ್ಯಕ್ರಮ ಇಟ್ಟಾಗ ಎರಡೂ ಬಾಗಿಲು ತೆರೆದಿರಲಿ. ಜನ ಹೆಚ್ಚಾದರೆಂದು ಓಡಾಡುವ ಜಾಗದಲ್ಲಿ ಕುರ್ಚಿ ಹಾಕುವುದು ಬೇಡ. ಪ್ರಾರ್ಥನೆಯ ಮೊದಲು ನಿರೂಪಕರು ಅರ್ಧ ನಿಮಿಷ ತೆಗೆದುಕೊಂಡು ಹೊರಹೋಗುವ ದಾರಿಗಳನ್ನು ತೋರಿಸಲಿ. ಅತಿಥಿಗಳ ಪರಿಚಯಕ್ಕೆ ನಾವು ಕೊಡುವ ಸಮಯದ ಮುಂದೆ ಇದು ಏನೂ ಅಲ್ಲ.

ಶಾಲೆಗೆ ಹೋದಾಗ ಕೇಳಬೇಕಾದದ್ದು

ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ನಮ್ಮ ಸದಸ್ಯರಲ್ಲಿ ಅನೇಕರು ಪಾಲಕರು, ವಿಶ್ವಸ್ಥರು, ಹಳೆ ವಿದ್ಯಾರ್ಥಿಗಳು. ಅವರು ದೂರುವ ಧಾಟಿಯಲ್ಲಿ ಹೋಗದೆ ನೆರವಾಗುವ ಧಾಟಿಯಲ್ಲಿ ಹೋಗಿ ಈ ಪ್ರಶ್ನೆಗಳನ್ನು ಕೇಳಬಹುದು.

• ಅಪಾಯದ ಗಂಟೆ ಎಂದಿನ ಗಂಟೆಗಿಂತ ಬೇರೆಯಾಗಿದೆಯೇ? ಒಂದನೇ ತರಗತಿಯ ಮಗುವಿಗೂ ಅದು ಗೊತ್ತಿದೆಯೇ?

• ಹೊರಬಂದ ಮಕ್ಕಳು ಸೇರುವ ಜಾಗ ಯಾವುದು? ಅಲ್ಲಿ ಹಾಜರಿ ಪುಸ್ತಕ ನೋಡಿ ಹೆಸರು ಕರೆಯುವ ಪದ್ಧತಿ ಇದೆಯೇ? ಒಂದು ಮಗು ಕಡಿಮೆ ಬಿದ್ದರೂ ತಕ್ಷಣ ಅಗ್ನಿಶಾಮಕ ದಳಕ್ಕೆ ಹೇಳಲು ಇದೊಂದೇ ದಾರಿ.

• ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ? ಪಿನ್ ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಒತ್ತಿ, ಆಚೆ ಈಚೆ ಬೀಸಲು ಬಲ್ಲವರು ಎಷ್ಟು ಮಂದಿ?

• ನಡೆಯಲಾರದ ಅಥವಾ ಕಣ್ಣು ಕಾಣದ ಮಗುವಿದ್ದರೆ ಅದನ್ನು ಕರೆತರುವ ಹೊಣೆ ಯಾರದೆಂದು ಹೆಸರು ಬರೆದಿದೆಯೇ?

• ಪಾಲಕರ ಸಂಖ್ಯೆಗಳು ಕಾಗದದಲ್ಲೂ ಇವೆಯೇ? ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ವಿದ್ಯುತ್ ಹೋದಾಗ ಉಪಯೋಗವಿಲ್ಲ.

• ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡುತ್ತಾರೆಯೇ? 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತುದನ್ನು ಮರೆಯುವಂತಿಲ್ಲ.

• ಕೊನೆಯ ಬಾರಿ ಅಭ್ಯಾಸ ನಡೆಸಿದ್ದು ಯಾವಾಗ? ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಮಾಡುತ್ತಾರೆಯೇ, ಪಾಠ ನಡೆಯುವಾಗಲೂ ಮಾಡಿದ್ದಾರೆಯೇ?

ಮಕ್ಕಳಿಗೂ ಕೆಲವು ಮಾತುಗಳು ಬಾಯಿಪಾಠವಾಗಿರಬೇಕು. ನೆಲ ನಡುಗಿದಾಗ ಓಡಬಾರದು, ಮೇಜಿನಡಿ ಬಗ್ಗಿ ಕುಳಿತು ತಲೆಗೆ ಮರೆ ಮಾಡಿ ಮೇಜಿನ ಕಾಲನ್ನು ಹಿಡಿದುಕೊಳ್ಳಬೇಕು, ನಡುಕ ನಿಂತ ಬಳಿಕ ಹೊರಬರಬೇಕು. ಹೊಗೆ ತುಂಬಿದರೆ ನೆಲಕ್ಕೆ ಹತ್ತಿರವಾಗಿ ತೆವಳಬೇಕು, ಏಕೆಂದರೆ ಹೊಗೆ ಮೇಲಕ್ಕೇರುತ್ತದೆ. ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲದಲ್ಲಿ ಉರುಳಬೇಕು. ಲಿಫ್ಟ್ ಹತ್ತಬಾರದು. ಬಿಟ್ಟುಬಂದ ಚೀಲಕ್ಕಾಗಿ ಹಿಂದೆ ಹೋಗಬಾರದು. ತುರ್ತು ಕರೆಗೆ 112, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿಗೆ 1098, ಮುಂಬಯಿ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916 ಎಂಬುದು ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಸಂಘಗಳು ಮಾಡಬಹುದಾದ ಒಂದು ಕೆಲಸ

ಇವೆಲ್ಲವೂ ಶಾಲೆಯ ಆಡಳಿತದವರ ಕೆಲಸ ಎಂದು ಕೈತೊಳೆದುಕೊಳ್ಳಬಹುದು. ಆದರೆ ಶಾಲೆಯವರು ಒಬ್ಬರೇ ಮಾಡಲಾಗದ, ಸಂಘಗಳು ಸುಲಭವಾಗಿ ಮಾಡಬಹುದಾದ ಒಂದು ಕೆಲಸವಿದೆ. ಅದು ಪ್ರತಿ ಮಗುವಿಗೆ ಎರಡನೆಯ ಹೆಸರನ್ನು ಒದಗಿಸುವುದು. ತಂದೆ-ತಾಯಿ ಬರಲಾಗದಿದ್ದರೆ ಮಗುವನ್ನು ಕರೆದೊಯ್ಯಲು ಶಾಲೆಯ ಪಕ್ಕದಲ್ಲೇ ವಾಸಿಸುವ, ನಡೆದೇ ತಲುಪಬಲ್ಲ ಒಬ್ಬ ವ್ಯಕ್ತಿ. ಪಾಲಕರ ಲಿಖಿತ ಒಪ್ಪಿಗೆ, ಆ ವ್ಯಕ್ತಿಯ ಭಾವಚಿತ್ರ ಮತ್ತು ಗುರುತಿನ ಚೀಟಿಯ ಪ್ರತಿ ಶಾಲೆಯಲ್ಲಿರಬೇಕು. ಮಗುವಿಗೂ ಅವರ ಮುಖ ಪರಿಚಯವಿರಬೇಕು. ಬಂಧು-ಬಳಗ ಊರಿನಲ್ಲಿ ಬಿಟ್ಟು ಬಂದ ಕೂಲಿ ಕುಟುಂಬಕ್ಕೆ ಇಂತಹ ಒಬ್ಬ ಅಕ್ಕ, ಒಬ್ಬ ಅಣ್ಣ ಸಿಗುವುದೆಂದರೆ ದೊಡ್ಡ ಬಲ. ಸಂಘದ ಸದಸ್ಯರಲ್ಲಿ ನಿವೃತ್ತರಾದವರು, ಮನೆಯಲ್ಲಿರುವ ಗೃಹಿಣಿಯರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹತ್ತು ಮಂದಿ ಮುಂದೆ ಬಂದರೆ ಒಂದು ಶಾಲೆಯ ಹತ್ತಾರು ಮಕ್ಕಳಿಗೆ ಆಸರೆಯಾದೀತು.

ಪುಸ್ತಕ ವಿತರಣೆಯ ದಿನವೇ ಇದಕ್ಕೆ ತಕ್ಕ ಸಂದರ್ಭ. ಅಂದು ಪಾಲಕರು ಹೇಗೂ ಬಂದಿರುತ್ತಾರೆ. ಪುಸ್ತಕದೊಂದಿಗೆ ಒಂದು ಅರ್ಜಿ ಕೊಟ್ಟು ಅಲ್ಲೇ ತುಂಬಿಸಿಕೊಂಡು ಶಾಲೆಗೆ ಒಪ್ಪಿಸಬಹುದು. ದೀಪಾವಳಿ ರಜೆಯ ಬಳಿಕ ಸಂಖ್ಯೆಗಳು ಬದಲಾಗಿವೆಯೇ ಎಂದು ಮತ್ತೊಮ್ಮೆ ಕೇಳಬೇಕು. ಅಗ್ನಿಶಾಮಕ ದಳದವರಲ್ಲಿ ವಿನಂತಿಸಿಕೊಂಡು ಶಿಕ್ಷಕರಿಗೂ ಸಂಘದ ಯುವ ವಿಭಾಗಕ್ಕೂ ಒಟ್ಟಿಗೇ ಒಂದು ದಿನದ ಶಿಬಿರ ಏರ್ಪಡಿಸಬಹುದು. ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಯ ಸಂಘಗಳಿಗೂ ಇದು ಅನ್ವಯಿಸುವ ಮಾತು. ಊರು ಬೇರೆಯಾದರೂ ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ಕಷ್ಟ ಒಂದೇ.

ಈ ವರ್ಷದ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲಿ. ಸಮೀಪದ ಒಂದು ಶಾಲೆಯನ್ನು ಆರಿಸಿ, ಇಬ್ಬರು ಸದಸ್ಯರಿಗೆ ಹೊಣೆ ವಹಿಸಿ, ಜುಲೈ ತಿಂಗಳ ದೊಡ್ಡ ಮಳೆಗೆ ಮುನ್ನ ಒಂದು ಭೇಟಿ ಮುಗಿಸಲಿ. ಆ ಭೇಟಿಯಲ್ಲಿ ತುಕ್ಕು ಹಿಡಿದ ಒಂದು ಬೀಗ ತೆರೆದು ಎರಡನೇ ಗೇಟು ಬಳಕೆಗೆ ಬಂದರೂ ಆ ವರ್ಷದ ಸಮಾಜ ಸೇವೆ ಸಾರ್ಥಕವಾದಂತೆ.